ಐದನೇ ಕ್ಲಾಸಿನ ಪುಸ್ತಕ ಹಿಡಿದು ಲೆಕ್ಕ ಮತ್ತೆ ಕಲಿತ ಕತೆ, ನೀವೂ ಕಲಿಯುವ ಕ್ರಮ

ನಾನು ಉಡುಪಿಯಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಶಂಕರಪುರದ ಹತ್ತಿರ. ಹಿತ್ತಿಲಲ್ಲಿ ಮಲ್ಲಿಗೆ ಗಿಡ ಇದೆ, ಹೂ ಕಟ್ಟುವುದು ಅಮ್ಮ. ಈ ಕಡೆಯವರಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಮಲ್ಲಿಗೆಗೆ ಕಿಲೋ ಲೆಕ್ಕ ಇಲ್ಲ. 800 ಹೂ ಸೇರಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಗೆ ಇಷ್ಟು ಅಂತ ದಿನಾ ರೇಟು ಬರುತ್ತದೆ.

ಕಳೆದ ವರ್ಷ ಒಂದು ದಿನ ಹೂ ಕೊಡಲು ಅಮ್ಮನ ಜೊತೆ ನಾನೂ ಕಟ್ಟೆಗೆ, ಅಂದರೆ ಹೂ ತಗೊಳ್ಳುವ ಜಾಗಕ್ಕೆ, ಹೋಗಿದ್ದೆ. ಎರಡು ಅಟ್ಟೆ, ಮೂರು ಚೆಂಡು ಇತ್ತು. ಅವತ್ತು ಅಟ್ಟೆಗೆ 1,240 ರೂಪಾಯಿ. ಹೂ ತಗೊಳ್ಳುವವರು "ಎಷ್ಟಾಯ್ತು ಮಗಾ, ಕಾಲೇಜಿಗೆ ಹೋಗುವವಳಲ್ವಾ ನೀನು" ಅಂದರು. ನಾನು ಜಂಬದಲ್ಲಿ ಮೊಬೈಲ್ ತೆಗೆದು 2.3 ಗುಣಿಸು 1,240 ಅಂತ ಒತ್ತಿ "2,852" ಅಂದೆ. ಅಮ್ಮ ತಲೆ ಎತ್ತಲೂ ಇಲ್ಲ. "ಎಂತ ಮಾರಾಯ್ತಿ, ಮೂರು ಅಟ್ಟೆಗೆ ಒಂದು ಚೆಂಡು ಕಮ್ಮಿ, ಅಷ್ಟೇ ಅಲ್ವಾ. ಮೂರು ಸಾವಿರದ ನಾನೂರ ಹತ್ತು."

ಅಮ್ಮ ಓದಿದ್ದು ಏಳನೇ ಕ್ಲಾಸು. ನನ್ನ ಲೆಕ್ಕ ಒಪ್ಪಿಕೊಂಡಿದ್ದರೆ 558 ರೂಪಾಯಿ ಹೋಗುತ್ತಿತ್ತು.

ಮೊಬೈಲ್ ತಪ್ಪು ಮಾಡಲಿಲ್ಲ. ನಾನು ಒತ್ತಿದ್ದು ತಪ್ಪು. ಎರಡು ಅಟ್ಟೆ ಮೂರು ಚೆಂಡು ಎಂದರೆ 2.3 ಅಲ್ಲ, 2.75. ಪಾಯಿಂಟಿನ ಆಚೆ ಇರುವ 3 ಹತ್ತರಲ್ಲಿ ಮೂರು, ಚೆಂಡು ಮಾತ್ರ ನಾಲ್ಕರಲ್ಲಿ ಮೂರು. ಕ್ರಿಕೆಟ್ ನೋಡುವವರಿಗೆ ಇದು ಗೊತ್ತಿರಬೇಕು. ಸ್ಕೋರಿನಲ್ಲಿ 15.3 ಓವರ್ ಅಂತ ಬಂದರೆ ಹದಿನೈದೂವರೆ ಓವರ್ ಆಗಿದೆ ಎಂದರ್ಥ, ಯಾಕೆಂದರೆ ಓವರಿಗೆ ಆರು ಎಸೆತ. ಐದು ಅಡಿ ಆರು ಇಂಚು ಎತ್ತರವನ್ನು 5.6 ಅಂತ ಬರೆಯುವವರದ್ದೂ ಇದೇ ಕತೆ, ಅದು 5.5 ಆಗಬೇಕು.

ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ತುಂಬಾ ನಾಚಿಕೆಯಾಯಿತು. ಪಿಯುಸಿ ಪಾಸಾಗಿದ್ದೆ, ಸೂತ್ರ ಹಾಕಿ ಬಡ್ಡಿ ಕಂಡುಹಿಡಿಯುತ್ತಿದ್ದೆ, ಆದರೆ ಕೆಳಗಿನ ಕಲ್ಲೇ ಅಲುಗಾಡುತ್ತಿತ್ತು. ಆಮೇಲೆ ಎಂಟು ತಿಂಗಳು ಐದನೇ ಕ್ಲಾಸಿನಿಂದ ಶುರು ಮಾಡಿ ಮತ್ತೆ ಕಲಿತೆ. ಅದನ್ನು ಯಾವ ಕ್ರಮದಲ್ಲಿ ಮಾಡಿದೆ, ಎಲ್ಲಿ ಸುಮ್ನೆ ಟೈಮ್ ಹಾಳು ಮಾಡಿದೆ, ಎಲ್ಲ ಇಲ್ಲಿ ಬರೆಯುತ್ತಿದ್ದೇನೆ.

1. ಎಲ್ಲಿ ತುಂಡಾಗಿದೆ ಎಂದು ಮೊದಲು ಹುಡುಕಿ

"ನನಗೆ ಲೆಕ್ಕ ಬರುವುದಿಲ್ಲ" ಎಂಬ ಮಾತು ಬಿಟ್ಟುಬಿಡಿ. ಎಲ್ಲ ಲೆಕ್ಕವೂ ಬಾರದವರು ಇರುವುದಿಲ್ಲ. ಎಲ್ಲೋ ಒಂದು ಕಡೆ ಹಗ್ಗ ತುಂಡಾಗಿರುತ್ತದೆ, ಅಲ್ಲಿಂದ ಮುಂದಿನದ್ದೆಲ್ಲ ಬಾಯಿಪಾಠದ ಮೇಲೆ ನಡೆದಿರುತ್ತದೆ.

ಹುಡುಕುವುದು ಹೀಗೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಶಾಲೆ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಎಂಟನೇ ಕ್ಲಾಸಿನ ಗಣಿತ ತೆಗೆಯಿರಿ. ಪ್ರತಿ ಪಾಠದ ಅಭ್ಯಾಸದಿಂದ ಎರಡೆರಡು ಲೆಕ್ಕ ಮಾಡಿ, ಕ್ಯಾಲ್ಕುಲೇಟರ್ ಇಲ್ಲದೆ. ಕೈ ನಿಂತರೆ ಏಳಕ್ಕೆ ಇಳಿಯಿರಿ, ಅಲ್ಲೂ ನಿಂತರೆ ಆರಕ್ಕೆ. ಹತ್ತರಲ್ಲಿ ಒಂಬತ್ತು ತಡವರಿಸದೆ ಸರಿ ಬರುವ ಕಡೆ ನಿಲ್ಲಿ. ಶುರು ಮಾಡಬೇಕಾದ್ದು ಅಲ್ಲಿಂದ.

ನಾನು ಇಳಿದು ಇಳಿದು ಐದನೇ ಕ್ಲಾಸಿನ ಭಿನ್ನರಾಶಿಗೆ ಬಂದು ನಿಂತೆ. ಯೋಚಿಸಿದರೆ ಕಾರಣವೂ ನೆನಪಾಯಿತು. ಆ ವರ್ಷ ಜುಲೈಯಲ್ಲಿ ಮಳೆಗೆ ಡಿಸಿ ಸಾಹೇಬರು ಮೇಲಿಂದ ಮೇಲೆ ರಜೆ ಕೊಟ್ಟಿದ್ದರು, ನಾವು ಕುಣಿದಾಡಿದ್ದೆವು, ಅದು ಮುಗಿಯುವಾಗ ನನಗೆ ಡೆಂಗ್ಯೂ ಬಂದು ಮತ್ತೆ ಮೂರು ವಾರ ಮಲಗಿದೆ, ಎದ್ದು ಶಾಲೆಗೆ ಹೋದಾಗ ಭಿನ್ನರಾಶಿ ಮುಗಿದು ಬೇರೆ ಪಾಠ ನಡೆಯುತ್ತಿತ್ತು. ಮುಂದೆ ಟ್ಯೂಷನ್ ಕ್ಲಾಸಿನಲ್ಲಿ "ಯಾಕೆ ಅಂತ ಕೇಳಬೇಡ, ಸೂತ್ರ ಹಾಕು, ಮಾರ್ಕ್ಸ್ ಬರುತ್ತದೆ" ಅಂದರು. ಮಾರ್ಕ್ಸ್ ಬಂತು ಕೂಡ, ಅದೇ ತೊಂದರೆ.

19 ವರ್ಷದವಳು ಐದನೇ ಕ್ಲಾಸಿನ ಪುಸ್ತಕ ಹಿಡಿಯುವುದಕ್ಕೆ ಸಂಕೋಚ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ನಾನು ಮೊದಲ ವಾರ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಒಬ್ಬಳೇ ಕೂತು ಮಾಡುತ್ತಿದ್ದೆ. ಮೊಬೈಲಿನಲ್ಲಿ ಪುಸ್ತಕ ಇಟ್ಟುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

2. ಪ್ರತಿ ಅಂಕಿಗೂ "ಯಾವುದರ ಎಷ್ಟು?" ಎಂದು ಕೇಳಿ

ಇದೊಂದು ಪ್ರಶ್ನೆ ಸಿಕ್ಕಿದ ಮೇಲೆ ನನ್ನ ಅರ್ಧ ಗೊಂದಲ ಹೋಯಿತು. ಅಮ್ಮ ಯಾವತ್ತೂ ಬರೀ "ಮೂರು" ಅನ್ನುವುದಿಲ್ಲ. ಮೂರು ಚೆಂಡು, ಮೂರು ಅಟ್ಟೆ, ಮೂರು ನೂರು. ಅಂಕಿ ಎಂದರೆ ಎಷ್ಟು, ಅದರ ಜೊತೆಗಿರುವ ಹೆಸರು ಎಂದರೆ ಯಾವುದು. ನಾನು ಕಟ್ಟೆಯಲ್ಲಿ ಹೆಸರು ಬಿಟ್ಟು ಅಂಕಿ ಮಾತ್ರ ಹಿಡಿದಿದ್ದೆ.

ಪುಸ್ತಕದಲ್ಲಿ ಬರುವ ಬಿಡಿ, ಹತ್ತು, ನೂರು ಕೂಡ ಹೆಸರೇ. 347ರಲ್ಲಿರುವ 4 ಬರೀ ನಾಲ್ಕಲ್ಲ, ನಾಲ್ಕು ಹತ್ತು. ಕೂಡುವಾಗ ಬಿಡಿಯ ಕೆಳಗೆ ಬಿಡಿ ಬರೆಯುವುದು ಸಾಲು ಚಂದ ಕಾಣಲಿ ಅಂತ ಅಲ್ಲ, ಒಂದೇ ಹೆಸರಿನವು ಒಟ್ಟಿಗೆ ಇರಲಿ ಅಂತ.

ಲೆಕ್ಕದ ಕ್ರಮವೂ ಇದರಲ್ಲೇ ಬಗೆಹರಿಯುತ್ತದೆ. 8 + 2 × 5 ಎಷ್ಟು? ಎಡದಿಂದ ಹೋಗಿ 50 ಅನ್ನುವವರು ಬಹಳ ಜನ. ಅದಕ್ಕೆ ಹೆಸರು ಕೊಡಿ: 8 ರೂಪಾಯಿಯ ಒಂದು ಪೆನ್ನು, 5 ರೂಪಾಯಿಯ ಎರಡು ಚಾಕಲೇಟು. ಅಂಗಡಿಯಲ್ಲಿ ಯಾರೂ 50 ಕೊಟ್ಟು ಬರುವುದಿಲ್ಲ, 18 ಕೊಟ್ಟು ಬರುತ್ತಾರೆ.

3. ಮಗ್ಗಿ: ನೀವು ಕಲಿಯಬೇಕಾದ್ದು 15 ಮಾತ್ರ

ಚಿಕ್ಕವರಿದ್ದಾಗ ಸಂಜೆ ದೀಪ ಹಚ್ಚಿ, ಭಜನೆ ಆದ ಮೇಲೆ ಅಜ್ಜಿ ಮಗ್ಗಿ ಹೇಳಿಸುತ್ತಿದ್ದರು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಆ ರಾಗದಲ್ಲಿ ಹೋದರೆ ಬರುತ್ತದೆ, ಮಧ್ಯದಿಂದ ಕೇಳಿದರೆ ಬರುವುದಿಲ್ಲ. ಏಳೆಂಟ್ಲ ಎಷ್ಟು ಅಂದರೆ ಏಳೊಂದ್ಲದಿಂದ ಓಡಿಕೊಂಡು ಬರಬೇಕು.

ಹತ್ತರ ಮಗ್ಗಿಯವರೆಗೆ ನೂರು ಸಾಲು ಇವೆ ಅಂತ ಹೆದರಬೇಡಿ. 1, 2, 5, 10ರ ಮಗ್ಗಿ ಎಲ್ಲರಿಗೂ ಗೊತ್ತು, ತೆಗೆದುಬಿಡಿ. ಒಂಬತ್ತನ್ನೂ ತೆಗೆಯಿರಿ, ಅದಕ್ಕೆ ಬೇರೆ ದಾರಿ ಇದೆ. 6 × 8 ಮತ್ತು 8 × 6 ಒಂದೇ, ಎರಡು ಸಲ ಕಲಿಯಬೇಕಾಗಿಲ್ಲ. ಉಳಿಯುವುದು 3, 4, 6, 7, 8 ಮಾತ್ರ. ಇವುಗಳ ಜೋಡಿ ಎಣಿಸಿದರೆ 15 ಆಗುತ್ತದೆ. ಅದರಲ್ಲೂ 3 × 3, 3 × 4, 4 × 4 ಬರದವರಿಲ್ಲ. ನನಗೆ ನಿಜವಾಗಿ ಕೈಕೊಡುತ್ತಿದ್ದದ್ದು ನಾಲ್ಕು: 6 × 7 = 42, 6 × 8 = 48, 7 × 8 = 56, 8 × 8 = 64. ಒಂದು ಚೀಟಿಯಲ್ಲಿ ಬರೆದು ಮೊಬೈಲಿನ ಕವರಿನ ಹಿಂದೆ ಇಟ್ಟೆ. ಒಂದು ವಾರ ಸಾಕಾಯಿತು.

ಇನ್ನು ಒಂಬತ್ತು. ಈ ಪದವನ್ನೇ ಒಮ್ಮೆ ನಿಧಾನಕ್ಕೆ ಹೇಳಿ ನೋಡಿ, ಒಳಗೆ ಒಂದು ಇದೆ, ಹತ್ತು ಇದೆ. ಹತ್ತಕ್ಕೆ ಒಂದು ಕಮ್ಮಿ ಎಂಬುದರಿಂದಲೇ ಬಂದ ಪದ ಅದು. ಲೆಕ್ಕವೂ ಹಾಗೇ ಮಾಡಿ. 9 × 7 ಬೇಕಾ? ಹತ್ತು ಏಳು ಎಪ್ಪತ್ತು, ಒಂದು ಏಳು ತೆಗೆದರೆ 63. 9 × 46 ಕೂಡ ಹೀಗೇ, 460ರಿಂದ 46 ತೆಗೆದರೆ 414. ಅಮ್ಮ "ಮೂರು ಅಟ್ಟೆಗೆ ಒಂದು ಚೆಂಡು ಕಮ್ಮಿ" ಅಂದಳಲ್ಲ, ಅದೇ ದಾರಿ.

ದೊಡ್ಡ ಗುಣಾಕಾರ ಬಂದರೆ ಮುರಿದು ಮಾಡಿ. 24 × 15 ಎಂದರೆ 24 ಹತ್ತು 240, ಅದರ ಅರ್ಧ 120, ಒಟ್ಟು 360. ಕಾಗದದಲ್ಲಿ ಚೌಕ ಎಳೆದು ನೋಡಿದರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. 13 ಅಡಿ ಉದ್ದ, 13 ಅಡಿ ಅಗಲದ ಅಂಗಳ ಎಳೆಯಿರಿ. ಎರಡೂ ಕಡೆ 10 ಅಡಿಗೆ ಗೆರೆ ಹಾಕಿ. ನಾಲ್ಕು ತುಂಡು ಬರುತ್ತದೆ: 100, 30, 30, 9. ಕೂಡಿದರೆ 169. ಹೈಸ್ಕೂಲಿನಲ್ಲಿ (a + b)² = a² + 2ab + b² ಎಂಬ ವರ್ಗದ ಸೂತ್ರದಲ್ಲಿ ನಡುವೆ "ಎರಡು ಎ ಬಿ" ಎಲ್ಲಿಂದ ಬಂತು ಎಂದು ನನಗೆ ಗೊತ್ತೇ ಇರಲಿಲ್ಲ. ಅದು ಆ ಎರಡು 30.

4. ಕಳೆಯುವುದನ್ನು ಅಂಗಡಿಯವರಿಂದ ಕಲಿಯಿರಿ

500 ಕೊಟ್ಟಿದ್ದೀರಿ, ಬಿಲ್ 368. ಜಿನಸಿನ ಅಂಗಡಿಯವರು ಸೊನ್ನೆ ಹೊಡೆದು, ಪಕ್ಕದಿಂದ ಸಾಲ ತಂದು ಕಳೆಯುವುದಿಲ್ಲ. 368ರ ಮೇಲೆ 2 ಇಟ್ಟು 370, 30 ಇಟ್ಟು 400, 100 ಇಟ್ಟು 500. ನಿಮ್ಮ ಕೈಗೆ 132 ಬಂತು. ಕಳೆಯುವುದು ಎಂದರೆ ಎರಡು ಅಂಕಿಗಳ ನಡುವಿನ ದೂರ ನಡೆಯುವುದು, ಅಷ್ಟೇ.

5. ಭಿನ್ನರಾಶಿ: ಇಲ್ಲಿ ಮಾತ್ರ ಅವಸರ ಬೇಡ

ನಾನು ಎಂಟು ತಿಂಗಳಲ್ಲಿ ಎರಡು ತಿಂಗಳು ಇಲ್ಲೇ ಕಳೆದೆ. ಬೇರೆ ಏನನ್ನಾದರೂ ಹಾರಿಸಿ, ಇದನ್ನು ಹಾರಿಸಬೇಡಿ. ಶೇಕಡಾ, ಅನುಪಾತ, ಬಡ್ಡಿ, ಸಂಭವನೀಯತೆ ಎಲ್ಲವೂ ಇದರ ಮಕ್ಕಳು.

ಭಿನ್ನರಾಶಿಯ ಗುಟ್ಟು ಕನ್ನಡದ ಒಂದು ಪದದಲ್ಲೇ ಇದೆ: ಮುಕ್ಕಾಲು. ಮೂರು ಕಾಲು ಮುಕ್ಕಾಲು. 3/4 ಎಂದು ಬರೆದಾಗ ಮೇಲಿನ 3 ಎಣಿಕೆ, ಕೆಳಗಿನ 4 ಹೆಸರು. ಆ ಹೆಸರು "ಕಾಲು". ಅಂಶ, ಛೇದ ಎಂದು ಶಾಲೆಯಲ್ಲಿ ಕಲಿಸಿದ್ದರು, ಎರಡನ್ನೂ ನಾನು ಮೇಲೊಂದು ಕೆಳಗೊಂದು ಅಂಕಿ ಎಂದೇ ನೋಡುತ್ತಿದ್ದೆ. ಕೆಳಗಿನದು ತುಂಡಿನ ಹೆಸರು ಎಂದು ಹೊಳೆದಿದ್ದು ಈಗ. ಒಂದು ಚೆಂಡು ಎಂದರೆ ಕಾಲು ಅಟ್ಟೆ. ಮೂರು ಚೆಂಡು ಮುಕ್ಕಾಲು ಅಟ್ಟೆ.

ಹೀಗೆ ನೋಡಿದರೆ ಕೂಡುವ ನಿಯಮವನ್ನು ಬಾಯಿಪಾಠ ಮಾಡಬೇಕಿಲ್ಲ. ಅರ್ಧ ಮತ್ತು ಕಾಲು ಕೂಡಿಸಬೇಕು. ನನ್ನಂಥವರು ಮಾಡುವ ತಪ್ಪು: ಮೇಲೆ ಒಂದು ಒಂದು ಎರಡು, ಕೆಳಗೆ ಎರಡು ನಾಲ್ಕು ಆರು, 2/6. ಅಂದರೆ ಮೂರರಲ್ಲಿ ಒಂದು. ಅರ್ಧಕ್ಕೆ ಏನೋ ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಯಿತು! ಎರಡು ಅಟ್ಟೆ ಮೂರು ಚೆಂಡನ್ನು ಕೂಡಿಸಿ "ಐದು" ಅಂದರೆ ಕಟ್ಟೆಯಲ್ಲಿ ನಗುತ್ತಾರೆ. ಐದು ಏನು? ಮೊದಲು ಎಲ್ಲವನ್ನೂ ಚೆಂಡು ಮಾಡಿಕೊಳ್ಳಿ, ಎಂಟೂ ಮೂರು ಹನ್ನೊಂದು ಚೆಂಡು. ಹಾಗೆಯೇ ಅರ್ಧವನ್ನು ಎರಡು ಕಾಲು ಮಾಡಿ. ಎರಡು ಕಾಲು, ಒಂದು ಕಾಲು, ಮೂರು ಕಾಲು.

ಲ.ಸಾ.ಅ (ಲಘುತಮ ಸಾಮಾನ್ಯ ಅಪವರ್ತ್ಯ, ಎರಡೂ ಅಂಕಿಗಳಿಂದ ಭಾಗವಾಗುವ ಅತಿ ಚಿಕ್ಕ ಅಂಕಿ) ಬೇಕಾಗುವುದು ಈ ಹೆಸರು ಒಂದು ಮಾಡುವುದಕ್ಕೇ. 1/12 ಮತ್ತು 1/18 ಇದ್ದರೆ ಎರಡಕ್ಕೂ ಒಗ್ಗುವ ತುಂಡು ಯಾವುದು? ಒಂದು ಬಸ್ಸು 12 ನಿಮಿಷಕ್ಕೊಮ್ಮೆ, ಇನ್ನೊಂದು 18 ನಿಮಿಷಕ್ಕೊಮ್ಮೆ ಬಿಡುತ್ತದೆ, ಈಗ ಎರಡೂ ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಹೊರಡುವುದು 36 ನಿಮಿಷಕ್ಕೆ. ಆ 36ನ್ನು ತುಂಡಿನ ಹೆಸರು ಮಾಡಿ: 3/36 ಮತ್ತು 2/36, ಒಟ್ಟು 5/36. 12ನ್ನೂ 18ನ್ನೂ ಗುಣಿಸಿ 216 ಮಾಡಿದರೂ ಉತ್ತರ ಬರುತ್ತದೆ, ಆದರೆ ಕೈ ನೋಯುತ್ತದೆ. ಭಿನ್ನರಾಶಿ ಕೂಡಿಸಲು ಲ.ಸಾ.ಅ ಹಿಡಿಯುವ ಈ ಕ್ರಮವನ್ನು 9ನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು ಬರೆದಿಟ್ಟಿದ್ದಾರೆ. ಇದನ್ನು ಓದಿದ ಮೇಲೆ ಲ.ಸಾ.ಅ ಮೇಲೆ ಸ್ವಲ್ಪ ಮರ್ಯಾದೆ ಬಂತು ನನಗೆ.

ಭಾಗಾಕಾರಕ್ಕೆ ಬರೋಣ. ಪಕ್ಕದ ಮನೆಯ ಹುಡುಗ ಆರನೇ ಕ್ಲಾಸು. ನಾನು ಕಲಿಯುತ್ತಿರುವುದು ಗೊತ್ತಾಗಿ ಸಂಜೆ ಪುಸ್ತಕ ಹಿಡಿದುಕೊಂಡು ಬರುತ್ತಾನೆ. ಒಂದು ದಿನ ಕೇಳಿದ, "ಅಕ್ಕಾ, ಭಾಗಿಸುವಾಗ ಎರಡನೇದನ್ನು ತಿರುಗಿಸಿ ಗುಣಿಸುದು ಎಂತಕ್ಕೆ?" ನನಗೂ ಗೊತ್ತಿರಲಿಲ್ಲ. "ನಾಳೆ ಹೇಳ್ತೇನೆ" ಅಂದು ತಪ್ಪಿಸಿಕೊಂಡೆ.

ರಾತ್ರಿ ಅಮ್ಮ ಹೂ ಕಟ್ಟುವ ಚಾಪೆಯ ಪಕ್ಕ ಕೂತು ಯೋಚಿಸಿದೆ. 12ನ್ನು 4ರಿಂದ ಭಾಗಿಸು ಎಂದರೆ 12ರೊಳಗೆ ನಾಲ್ಕು ಎಷ್ಟು ಸಲ ಕೂರುತ್ತದೆ ಎಂದು ಕೇಳಿದ ಹಾಗೆ. ಹಾಗಾದರೆ 3 ÷ 1/4 ಎಂದರೆ ಮೂರು ಅಟ್ಟೆಯೊಳಗೆ ಕಾಲು ಅಟ್ಟೆ ಎಷ್ಟು? ಎಂದರೆ ಎಷ್ಟು ಚೆಂಡು? 12. ಭಾಗಿಸಿದರೆ ಉತ್ತರ ಯಾಕೆ ದೊಡ್ಡದಾಗುತ್ತದೆ ಎಂಬ ನನ್ನ ಹಳೆಯ ಅನುಮಾನ ಅಲ್ಲೇ ಹೋಯಿತು. ತುಂಡು ಚಿಕ್ಕದಾದಷ್ಟೂ ಜಾಸ್ತಿ ಸಲ ಕೂರುತ್ತದೆ.

ಸ್ವಲ್ಪ ಕಷ್ಟದ್ದು: 1/2 ÷ 3/4. ಮತ್ತೆ ಹೆಸರು ಒಂದು ಮಾಡಿ. ಎರಡು ಕಾಲು ಭಾಗಿಸು ಮೂರು ಕಾಲು. ಹೆಸರು ಒಂದೇ ಆದ ಮೇಲೆ ಅದರ ಕೆಲಸ ಮುಗಿಯಿತು, ಉಳಿಯುವುದು ಎಣಿಕೆ ಮಾತ್ರ: 2 ÷ 3, ಅಂದರೆ 2/3. ಈಗ ತಿರುಗಿಸಿ ಗುಣಿಸಿ ನೋಡಿ, 1/2 × 4/3 = 4/6, ಅದೂ 2/3. ತಿರುಗಿಸುವುದು ಎಂದರೆ ಹೆಸರು ಒಂದು ಮಾಡಿ ಭಾಗಿಸುವ ಕೆಲಸವನ್ನೇ ಒಂದೇ ಏಟಿಗೆ ಮಾಡುವ ಅಡ್ಡದಾರಿ. ಮರುದಿನ ಹುಡುಗನಿಗೆ ಹೇಳಿದೆ. ಅವನು "ಅಷ್ಟೇಯಾ?" ಅಂದು ಕ್ರಿಕೆಟ್ ಆಡಲು ಓಡಿದ. ನನಗೆ ಅವತ್ತು ಊಟ ಮಾಡುವಾಗಲೂ ಖುಷಿ.

6. ಶೇಕಡಾ ಬಂದ ಕೂಡಲೇ "ಯಾವುದರ?" ಎನ್ನಿ

ಶೇಕಡಾ ಕಂಡುಹಿಡಿಯುವುದು ಸುಲಭ, ಹತ್ತರಿಂದ ಶುರು ಮಾಡಿ. 850ರ ಶೇ. 18 ಬೇಕು. ಶೇ. 10 ಎಂದರೆ 85. ಅದರ ಅರ್ಧ ಶೇ. 5, ಅಂದರೆ 42.50. ಶೇ. 1 ಎಂದರೆ 8.50, ಮೂರು ಪಟ್ಟು 25.50. ಎಲ್ಲ ಸೇರಿ 153. ಇನ್ನೊಂದು ಗಮ್ಮತ್ತು, 25ರ ಶೇ. 16 ಕೇಳಿದರೆ ತಿರುಗಿಸಿ 16ರ ಶೇ. 25 ಮಾಡಿ, 4 ಅಂತ ಬಾಯಲ್ಲೇ ಬರುತ್ತದೆ. ಗುಣಾಕಾರದಲ್ಲಿ ಹಿಂದೆ ಮುಂದೆ ಮಾಡಿದರೆ ಉತ್ತರ ಬದಲಾಗುವುದಿಲ್ಲ ಎಂಬುದೇ ಇಲ್ಲೂ ಇರುವುದು.

ಜನ ಬೀಳುವುದು ಬೇರೆ ಕಡೆ. ಅಟ್ಟೆಗೆ 1,000 ಇದ್ದದ್ದು ಮದುವೆ ಸೀಸನ್ನಿನಲ್ಲಿ ಶೇ. 20 ಏರಿತು ಎನ್ನಿ, 1,200 ಆಯಿತು. ಆಮೇಲೆ ಶೇ. 20 ಇಳಿಯಿತು. ವಾಪಸ್ 1,000ಕ್ಕೆ ಬಂತಾ? ಇಲ್ಲ, 960. ಏರಿದ್ದು 1,000ದ ಮೇಲಿನ ಇಪ್ಪತ್ತು, ಇಳಿದದ್ದು 1,200ರ ಮೇಲಿನ ಇಪ್ಪತ್ತು. ಬಟ್ಟೆ ಅಂಗಡಿಯಲ್ಲಿ "ಶೇ. 50ರ ಮೇಲೆ ಇನ್ನೂ ಶೇ. 20 ರಿಯಾಯಿತಿ" ಅಂತ ಬೋರ್ಡ್ ಇದ್ದರೆ 70 ಅಂತ ಖುಷಿಪಡಬೇಡಿ. 1,000ದ ಚೂಡಿದಾರ 500 ಆಗಿ, ಅದರ ಮೇಲೆ 20 ಹೋಗಿ 400. ರಿಯಾಯಿತಿ 60.

ನನ್ನ ಹಾಗೆ ಕಾಮರ್ಸ್ ಓದುವವರಿಗೆ ಒಂದು ಮಾತು. 80ಕ್ಕೆ ಕೊಂಡು 100ಕ್ಕೆ ಮಾರಿದರೆ ಲಾಭ ಕೊಂಡ ಬೆಲೆಯ ಮೇಲೆ ಶೇ. 25, ಮಾರಿದ ಬೆಲೆಯ ಮೇಲೆ ಶೇ. 20. ಲಾಭ ಅದೇ 20 ರೂಪಾಯಿ. ಪ್ರಶ್ನೆಯಲ್ಲಿ ಯಾವುದರ ಮೇಲೆ ಎಂದು ಓದದೆ ಸೂತ್ರ ಹಾಕಿ ನಾನು ಒಂದು ಇಂಟರ್ನಲ್‌ನಲ್ಲಿ ಆರು ಮಾರ್ಕ್ಸ್ ಕಳೆದುಕೊಂಡಿದ್ದೇನೆ.

ಸರಾಸರಿಯಲ್ಲೂ ಇಂಥದ್ದೇ ಹೊಂಡ ಇದೆ. ಉಡುಪಿಯಿಂದ ಮಂಗಳೂರಿಗೆ ಲೆಕ್ಕಕ್ಕೆ 60 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹೋಗುವಾಗ ಗಂಟೆಗೆ 60ರ ವೇಗ, ಬರುವಾಗ ಟ್ರಾಫಿಕ್ಕಿಗೆ ಸಿಕ್ಕಿ 40. ಸರಾಸರಿ 50 ಅಲ್ಲ. ಹೋಗಲು ಒಂದು ಗಂಟೆ, ಬರಲು ಒಂದೂವರೆ ಗಂಟೆ. 120ನ್ನು ಎರಡೂವರೆಯಿಂದ ಭಾಗಿಸಿದರೆ 48. ನಿಧಾನಕ್ಕೆ ಹೋದ ಬಸ್ಸು ಜಾಸ್ತಿ ಹೊತ್ತು ತಗೊಂಡಿದೆ, ಅದರ ತೂಕವೂ ಜಾಸ್ತಿ.

7. ಋಣ ಸಂಖ್ಯೆಗೆ ಅಂಗಡಿಯ ಸಾಲದ ಪುಸ್ತಕ ಸಾಕು

ಋಣ ಎಂದರೆ ಸಾಲ, ಧನ ಎಂದರೆ ದುಡ್ಡು. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಪ್ಲಸ್, ಮೈನಸ್ ಸಂಖ್ಯೆಗಳ ನಿಯಮಗಳನ್ನು ಬರೆದಾಗ ಇವೇ ಪದ ಬಳಸಿದ. ನಾವು ಅದೇ ಪದ ದಿನಾ ಹೇಳುತ್ತಿದ್ದರೂ ಅರ್ಥ ಮರೆತು ಮೈನಸ್ ಚಿಹ್ನೆ ನೋಡಿ ಹೆದರುತ್ತೇವೆ. ಮೈನಸ್ಸಿನ ಮೈನಸ್ ಪ್ಲಸ್ ಯಾಕೆ? ಅಂಗಡಿಯವರು ನಿಮ್ಮ 50 ರೂಪಾಯಿ ಸಾಲ ಹೊಡೆದು ಹಾಕಿದರು ಎನ್ನಿ. ಸಾಲ ಕಳೆಯಿತು, ನೀವು 50 ಮೇಲೆ ಬಂದಿರಿ.

ಗುಣಾಕಾರ ಸ್ವಲ್ಪ ಬೇರೆ. ಸಾಲು ಬರೆದು ನೋಡಿ: 3 × (−4) = −12, 2 × (−4) = −8, 1 × (−4) = −4, 0 × (−4) = 0. ಒಂದೊಂದು ಮೆಟ್ಟಿಲಿಗೆ ನಾಲ್ಕು ಏರುತ್ತಿದೆ. ಮುಂದಿನದು −1 × (−4). ಅದು 4 ಆಗದೆ ಬೇರೆ ದಾರಿ ಇಲ್ಲ.

8. ಎಕ್ಸ್ ಎಂದರೆ ಬಾಯಿ ಕಟ್ಟಿದ ಚೀಲ

ಬೀಜಗಣಿತಕ್ಕೆ ಬರುವ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದೇ ತೂಕದ ಮೂರು ಚೀಲ, ಜೊತೆಗೆ 5 ಕಿಲೋ ಕಲ್ಲು. ಇನ್ನೊಂದರಲ್ಲಿ 20 ಕಿಲೋ. ತಕ್ಕಡಿ ಸಮ ಇದೆ. ಎರಡೂ ಕಡೆಯಿಂದ 5 ಕಿಲೋ ತೆಗೆಯಿರಿ, ಮೂರು ಚೀಲಕ್ಕೆ 15. ಒಂದು ಚೀಲ 5 ಕಿಲೋ. "ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ" ಎಂದು ಶಾಲೆಯಲ್ಲಿ ಹೇಳಿದ್ದರಲ್ಲ, ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದದ್ದು ಅಷ್ಟೇ.

ಮೂರು ಎಕ್ಸ್ ಮತ್ತು 5 ಕೂಡಿಸಿ ಎಂಟು ಎಕ್ಸ್ ಎಂದು ಬರೆಯುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ. ಮೂರು ಚೆಂಡು ಮತ್ತು ಐದು ಹೂ ಸೇರಿದರೆ ಎಂಟು ಚೆಂಡು ಆಗುತ್ತದಾ? ಚೆಂಡು ಬಿಚ್ಚಿ ಎಣಿಸಿದರೆ 2,405 ಹೂ.

9. ಮೊದಲು ಅಂದಾಜು, ಆಮೇಲೆ ಲೆಕ್ಕ

ನಾನು ಇದನ್ನು ತಡವಾಗಿ ಕಲಿತೆ, ಮೊದಲೇ ಕಲಿಯಬೇಕಿತ್ತು. ಎರಡು ಅಟ್ಟೆ ಮೂರು ಚೆಂಡು ಎಂದರೆ ಮೂರು ಅಟ್ಟೆಗೆ ಹತ್ತಿರ, ಮೂರು ಸಾವಿರದ ಏಳುನೂರಕ್ಕಿಂತ ಸ್ವಲ್ಪ ಕಮ್ಮಿ ಬರಬೇಕು ಎಂದು ಒಂದು ಸೆಕೆಂಡ್ ಯೋಚಿಸಿದ್ದರೆ 2,852 ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ. ಈಗ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅಂದಾಜು ಬರೆದೇ ಲೆಕ್ಕಕ್ಕೆ ಕೈ ಹಾಕುತ್ತೇನೆ.

ಜಾಗದ ಲೆಕ್ಕದಲ್ಲಿ ಇದು ತುಂಬಾ ಉಪಯೋಗ. ನಮ್ಮ ಕಡೆ ಎಲ್ಲರೂ ಸೆಂಟ್ಸಿನಲ್ಲಿ ಮಾತಾಡುತ್ತಾರೆ, ಜಾಹೀರಾತಿನಲ್ಲಿ ಚದರ ಅಡಿ ಇರುತ್ತದೆ. ಎಕರೆಗೆ 100 ಸೆಂಟ್ಸ್, ಸೆಂಟ್ಸಿಗೆ 435.6 ಚದರ ಅಡಿ. 30 × 40ರ ಸೈಟು 1,200 ಚದರ ಅಡಿ, 435ನ್ನು ಮೂರು ಸಲ ಕೂಡಿದರೆ 1,300 ದಾಟುತ್ತದೆ, ಹಾಗಾದರೆ ಮೂರು ಸೆಂಟ್ಸಿಗೆ ಸ್ವಲ್ಪ ಕಮ್ಮಿ. ಸರಿಯಾಗಿ ಮಾಡಿದರೆ ಹತ್ತಿರ ಹತ್ತಿರ ಎರಡೂಮುಕ್ಕಾಲು.

10. ದಿನಕ್ಕೆ ಎಷ್ಟು ಹೊತ್ತು, ಹೇಗೆ

ನಾನು ದಿನಕ್ಕೆ 40 ನಿಮಿಷ ಕೂರುತ್ತಿದ್ದೆ. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂತು ಮಾಡೋಣ ಅಂತ ಮೊದಲು ಹಾಕಿದ ಪ್ಲಾನ್ ಎರಡನೇ ವಾರಕ್ಕೇ ಬಿದ್ದುಹೋಯಿತು. ಯೂಟ್ಯೂಬ್ ವಿಡಿಯೋ ನೋಡುವುದೂ ಅಷ್ಟೇ. ನೋಡುವಾಗ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಪುಸ್ತಕ ತೆಗೆದರೆ ಕೈ ಓಡುವುದಿಲ್ಲ. ಹತ್ತು ನಿಮಿಷ ನೋಡಿದರೆ ಮೂವತ್ತು ನಿಮಿಷ ಪೆನ್ನು ಹಿಡಿಯಿರಿ.

ಒಂದು 100 ಪುಟದ ನೋಟ್ ಪುಸ್ತಕವನ್ನು ತಪ್ಪಿಗೆಂದೇ ಇಡಿ. ಎಡಗಡೆ ತಪ್ಪಿದ ಲೆಕ್ಕವನ್ನು ತಪ್ಪಿದ ಹಾಗೆಯೇ ಬರೆಯಿರಿ, ಬಲಗಡೆ ಯಾಕೆ ತಪ್ಪಿತು ಎಂದು ಒಂದೇ ಸಾಲು. "ಅಜಾಗರೂಕತೆ" ಎಂದು ಬರೆಯಬೇಡಿ, ಅದು ಏನನ್ನೂ ಹೇಳುವುದಿಲ್ಲ. "7 × 8ನ್ನು 54 ಅಂದುಕೊಂಡೆ" ಎಂದು ಬರೆಯಿರಿ. ಒಂದು ತಿಂಗಳಾದ ಮೇಲೆ ಬಲಗಡೆ ಮಾತ್ರ ಓದಿ. ನನ್ನದರಲ್ಲಿ 61 ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ "ಹೆಸರು ಒಂದು ಮಾಡಲಿಲ್ಲ" ಎಂಬುದೇ ಇತ್ತು.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದರೆ ಎದುರು ಬರುವ ಗಾಡಿಗಳ ನಂಬರ್ ನೋಡಿ. ಕೆಎ 20 ಬಿಡಿ, ಕೊನೆಯ ನಾಲ್ಕು ಅಂಕಿ ತಗೊಳ್ಳಿ. ಉದಾಹರಣೆಗೆ 4572. ಅಂಕಿಗಳನ್ನು ಕೂಡಿದರೆ 18, ಅದು ಒಂಬತ್ತರಿಂದ ಭಾಗವಾಗುತ್ತದೆ, ಹಾಗಾಗಿ 4572 ಕೂಡ ಭಾಗವಾಗುತ್ತದೆ. ಯಾಕೆ ಎಂದರೆ 10, 100, 1,000 ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಒಂದೇ ಉಳಿಯುವುದು. ನಾಲ್ಕು ಸಾವಿರದಲ್ಲಿ ನಾಲ್ಕು ಉಳಿಯಿತು, ಐದು ನೂರರಲ್ಲಿ ಐದು, ಏಳು ಹತ್ತರಲ್ಲಿ ಏಳು. ಕಟಪಾಡಿಯಿಂದ ಉಡುಪಿ ಬರುವಷ್ಟರಲ್ಲಿ ಇಪ್ಪತ್ತು ಗಾಡಿ ಸಿಗುತ್ತವೆ.

ಮತ್ತೆ, ಯಾವ ಭಾಷೆಯಲ್ಲಿ ತಲೆ ಓಡುತ್ತದೋ ಅದರಲ್ಲೇ ಎಣಿಸಿ. ಅಮ್ಮ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಅಂತಲೇ ಹೂ ಎಣಿಸುವುದು. ನಾನು ಕಾಲೇಜಿನಲ್ಲಿ ಇಂಗ್ಲಿಷ್‌ನಲ್ಲಿ ಬರೆಯುತ್ತೇನೆ, ಒಳಗೆ ಮಗ್ಗಿ ಕನ್ನಡದಲ್ಲೇ ಓಡುತ್ತದೆ. ಅದನ್ನು ಬದಲಾಯಿಸಲು ಹೋಗಿ ಎರಡು ವಾರ ಹಾಳು ಮಾಡಿದೆ.

ಈಗ ಕೂತು ಮಾಡಿ ನೋಡಿ

ಐದು ಲೆಕ್ಕ ಕೊಡುತ್ತೇನೆ, ಮೊಬೈಲ್ ಆಚೆ ಇಡಿ.

ಒಂದು, 12.4 ಓವರ್ ಎಂದರೆ ಎಷ್ಟು ಎಸೆತ? ಎರಡು, ಎರಡೂವರೆ ಲೀಟರ್ ಎಣ್ಣೆಯನ್ನು ಕಾಲು ಲೀಟರಿನ ಬಾಟ್ಲಿಗಳಿಗೆ ತುಂಬಿದರೆ ಎಷ್ಟು ಬಾಟ್ಲಿ ಬೇಕು? ಮೂರು, 2/3 ಮತ್ತು 1/4 ಕೂಡಿ. ನಾಲ್ಕು, ಅಟ್ಟೆಗೆ 960 ಇದ್ದ ದಿನ ಐದು ಅಟ್ಟೆ ಒಂದು ಚೆಂಡಿಗೆ ಎಷ್ಟು? ಐದು, ಒಂದು ವಸ್ತುವಿನ ಬೆಲೆ ಶೇ. 50 ಇಳಿಯಿತು, ಮೊದಲಿನ ಬೆಲೆಗೆ ಬರಬೇಕಾದರೆ ಶೇಕಡಾ ಎಷ್ಟು ಏರಬೇಕು?

ಉತ್ತರಗಳು: 76 ಎಸೆತ. 10 ಬಾಟ್ಲಿ. 11/12. 5,040 ರೂಪಾಯಿ. ಶೇ. 100. ಮೂರನೆಯದಕ್ಕೆ 3/7 ಬಂದಿದ್ದರೆ ಐದನೇ ಕ್ಲಾಸಿನ ಪುಸ್ತಕ ಇವತ್ತೇ ಡೌನ್‌ಲೋಡ್ ಮಾಡಿ, ನನಗೂ ಮೊದಲು ಅದೇ ಬಂದದ್ದು. ಐದನೆಯದಕ್ಕೆ 50 ಅಂದವರು ಆರನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ. ನಾಲ್ಕನೆಯದನ್ನು ಅಮ್ಮನಿಗೆ ಕೇಳಿದೆ, ನಾನು ಪೆನ್ನಿನ ಕ್ಯಾಪ್ ತೆಗೆಯುವುದರೊಳಗೆ ಹೇಳಿದಳು.